ಮಗುವೇ ಶಿಷ್ಯನಾದಾಗ: ಸಂಗೀತಗಾರ ತಂದೆ ತಾಯಿಗಳಿಗೆ ಒಂದು ಕೈಪಿಡಿ

ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿಯಾಗಿದ್ದರು. ಅವರ ಹಾಡು ಕೇಳಲು ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಅವರಂಥವರು ಧಾರವಾಡದ ಆ ಮನೆಗೆ ಬರುತ್ತಿದ್ದರು. ಮಗಳು ಹಿಂದೂಸ್ತಾನಿ ಪದ್ಧತಿಯ ಕಡೆಗೆ ಹೊರಳಿದಾಗ, ತನ್ನ ಗಾಯನ ಅವಳ ಕಿವಿಗೆ ಬಿದ್ದು ಎರಡು ಪದ್ಧತಿಗಳು ಕಲಸಿಹೋಗದಿರಲೆಂದು ಅಂಬಾಬಾಯಿ ಹಾಡುವುದನ್ನೇ ಬಿಟ್ಟರು. ಇಂದಿನ ಯಾವ ತಾಯಿಗೂ ಈ ತ್ಯಾಗವನ್ನು ನಾನು ಸೂಚಿಸಲಾರೆ. ಆದರೆ ಮನೆಯೊಳಗಿನ ಸಂಗೀತ ಮಗುವಿಗೆ ಎಷ್ಟು ಆಸ್ತಿಯೋ ಅಷ್ಟೇ ಭಾರವೂ ಆಗಬಹುದೆಂಬುದನ್ನು ಶಾಲೆಯ ಓದು ಹೆಚ್ಚಿಲ್ಲದ ಆ ಕಾಲದ ಗಾಯಕಿಯೊಬ್ಬರು ಅರಿತಿದ್ದರೆಂಬುದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಮಗ ಅಥವಾ ಮಗಳು ತಮ್ಮ ಹಾದಿಯಲ್ಲೇ ಬರಲು ಹೊರಟಿರುವ ಸಂಗೀತಗಾರರಿಗಾಗಿ ಈ ಬರಹ. ನಾನು ಹಿಂದೂಸ್ತಾನಿ ಗಾಯನ ಕಲಿಸುವವನು. ನನ್ನ ಮಗಳಿಗೂ ಕಲಿಸಿದ್ದೇನೆ. ಇಲ್ಲಿನ ಸೂಚನೆಗಳಲ್ಲಿ ಅರ್ಧದಷ್ಟು ನಾನು ಮಾಡಿದ ತಪ್ಪುಗಳಿಂದ ಹುಟ್ಟಿದವು, ಉಳಿದರ್ಧ ಹಿರಿಯರ ಮನೆಗಳಲ್ಲಿ ಕಂಡು ಕೇಳಿದವು.

ಪಾಠಕ್ಕೆ ಹೊತ್ತು, ಜಾಗ, ಬಾಗಿಲು

ಹೊರಗಿನ ಶಿಷ್ಯ ವಾರಕ್ಕೆ ಎರಡು ದಿನ ಬಂದು, ಒಂದು ಗಂಟೆ ಕಲಿತು, ನಮಸ್ಕರಿಸಿ ಹೋಗುತ್ತಾನೆ. ಮನೆಗೆ ಹೋಗಿ ಅವನು ತಪ್ಪು ಹಾಡಿದರೆ ನಿಮಗೆ ಕೇಳಿಸುವುದಿಲ್ಲ, ಆ ತಪ್ಪನ್ನು ತಾನೇ ಕಂಡುಕೊಂಡು ತಿದ್ದಿಕೊಳ್ಳುವ ಅವಕಾಶ ಅವನಿಗೆ ಸಿಗುತ್ತದೆ. ನಿಮ್ಮ ಮಗುವಿಗೆ ಆ ಅವಕಾಶವೇ ಇಲ್ಲ. ಅದು ಬಚ್ಚಲಲ್ಲಿ ಗುನುಗಿದ ರಾಗ ಯಮನ್‌ನಲ್ಲಿ ತೀವ್ರ ಮಧ್ಯಮ ಕೊಂಚ ಇಳಿದಿದ್ದರೂ ನಿಮ್ಮ ಕಿವಿ ಹಿಡಿಯುತ್ತದೆ, ಬಾಯಿ ತಡೆಯುವುದಿಲ್ಲ. ನಾನು ನನ್ನ ಮಗಳಿಗೆ ಊಟದ ತಟ್ಟೆಯ ಮುಂದೆ, ಬಸ್ ನಿಲ್ದಾಣದಲ್ಲಿ, ಒಮ್ಮೆ ಅವಳಿಗೆ ಜ್ವರ ಬಂದು ಮಲಗಿದ್ದಾಗಲೂ ಸ್ವರ ತಿದ್ದಿದವನು. ಹತ್ತು ವರ್ಷದ ಅವಳು ಒಂದು ದಿನ ಕೇಳಿದಳು: "ಅಪ್ಪಾ, ಈಗ ಮಾತಾಡಾಕತ್ತಾಂವ ನಮ್ಮಪ್ಪನೋ, ಗುರುನೋ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನದಿಂದ ಮನೆಯಲ್ಲಿ ನಿಯಮ ಬದಲಾಯಿತು.

ಆ ನಿಯಮ ಇಷ್ಟೇ. ಪಾಠಕ್ಕೆ ಒಂದು ನಿಶ್ಚಿತ ಹೊತ್ತು ಮತ್ತು ಒಂದು ನಿಶ್ಚಿತ ಜಾಗ ಇರಬೇಕು. ಬೇರೆ ಕೋಣೆ ಇಲ್ಲದ ಮನೆಯಾದರೆ ಒಂದು ಜಮಖಾನೆ ಸಾಕು. ಅದನ್ನು ಹಾಸಿದಾಗ ಪಾಠ ಆರಂಭ, ಮಡಿಚಿದಾಗ ಮುಕ್ತಾಯ. ಜಮಖಾನೆಯ ಮೇಲೆ ನೀವು ಗುರು. ಅಲ್ಲಿ ಹೊರಗಿನ ಶಿಷ್ಯರಿಗೆ ತೋರುವಷ್ಟೇ ತಾಳ್ಮೆಯನ್ನು ತೋರಿ, ಅವರಿಗೆ ಹೇಳುವಷ್ಟೇ ನೇರವಾಗಿ ತಪ್ಪನ್ನು ಹೇಳಿ. ಜಮಖಾನೆಯಿಂದ ಎದ್ದ ಮೇಲೆ ಕೇಳಿಸಿದ ತಪ್ಪನ್ನು ಮರುದಿನದ ಪಾಠಕ್ಕೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬರೆದಿಟ್ಟ ತಪ್ಪುಗಳಲ್ಲಿ ಬಹಳಷ್ಟು ಮರುದಿನದ ಹೊತ್ತಿಗೆ ತಾವಾಗಿಯೇ ಮಾಯವಾಗಿರುವುದನ್ನು ನೀವೇ ನೋಡುವಿರಿ. ಇನ್ನೊಂದು ಮಾತು: ಪಾಠದ ಹೊತ್ತಿಗೆ ಹೊರಗಿನ ಶಿಷ್ಯರಾರಾದರೂ ಬಂದರೆಂದು ಮಗುವನ್ನು ಎಬ್ಬಿಸಿ ಕಳಿಸಬೇಡಿ. ಮನೆಯ ಮಗು, ನಾಳೆ ಕಲಿತೀತು ಎಂದು ಮುಂದೂಡಿದ ಪಾಠಗಳೇ ವರ್ಷದ ಕೊನೆಗೆ ಅರ್ಧದಷ್ಟಾಗಿರುತ್ತವೆ.

ಮಗುವಿಗೆ ನಿಜಕ್ಕೂ ಸಂಗೀತ ಬೇಕಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂದು ಹಲವರು ಕೇಳುತ್ತಾರೆ. ನೀವು ಊರಲ್ಲಿಲ್ಲದ ಒಂದು ವಾರದಲ್ಲಿ ಅದು ತಂಬೂರಿಯನ್ನು ಮುಟ್ಟುತ್ತದೆಯೋ ಇಲ್ಲವೋ ಎಂದು ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಶ್ರುತಿ ಅವರದ್ದಾಗಿರಲಿ

ಸಂಗೀತಗಾರರ ಮನೆಯ ಮಕ್ಕಳು ಬಹು ಬೇಗ ಅನುಕರಣೆ ಮಾಡುತ್ತಾರೆ. ನಾಲ್ಕು ವರ್ಷದ ಮಗು ತಂದೆಯ ಹಾಗೆಯೇ ಕೈ ತಿರುಗಿಸಿ, ತಂದೆಯ ಹಾಗೆಯೇ ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದು ತಲೆದೂಗಿದಾಗ ಬಂದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಅಪಾಯ ಇರುವುದು ಅಲ್ಲಿಯೇ. ಮಗು ಸ್ವರವನ್ನು ಕಲಿಯುವ ಮೊದಲೇ ನಿಮ್ಮ ಗಂಟಲನ್ನು ಕಲಿತುಬಿಟ್ಟಿರುತ್ತದೆ. ನಿಮ್ಮ ವಯಸ್ಸಿನಿಂದ ಬಂದ ಕರ್ಕಶತೆ, ಉಸಿರು ಸಾಲದೆ ನೀವು ಕಂಡುಕೊಂಡ ಅಡ್ಡದಾರಿ, ಮೂಗಿನಲ್ಲಿ ಹಾಡುವ ಚಟ ಎಲ್ಲವೂ ಅದಕ್ಕೆ ಸಂಗೀತವೇ ಆಗಿ ಕಾಣುತ್ತವೆ. ಆದ್ದರಿಂದ ಮೊದಲ ವರ್ಷಗಳಲ್ಲಿ ನೀವು ಜೊತೆಗೂಡಿ ಹಾಡುವುದನ್ನು ಕಡಿಮೆ ಮಾಡಿ. ಒಂದು ಸಾಲನ್ನು ಹಾಡಿ ತೋರಿಸಿ, ನಿಲ್ಲಿಸಿ, ಮಗು ತಂಬೂರಿಯೊಡನೆ ಒಬ್ಬಂಟಿಯಾಗಿ ಅದನ್ನು ಹಾಡಲಿ. ಸರಳೆ, ಜಂಟಿ ವರಸೆಗಳಿಂದ ಆರಂಭಿಸುವ ಕರ್ನಾಟಕ ಪದ್ಧತಿಯವರಿಗೂ, ಪಲ್ಟಾಗಳೆಂಬ ಸ್ವರಾಭ್ಯಾಸಗಳಿಂದ ಆರಂಭಿಸುವ ನಮಗೂ ಇದು ಸಮಾನವಾಗಿ ಅನ್ವಯಿಸುತ್ತದೆ. ವಾದ್ಯಗಾರರ ಮಕ್ಕಳಿಗೆ ಈ ತೊಂದರೆ ಕಡಿಮೆ, ಆದರೆ ತಂದೆಯ ಅಳತೆಯ ವಾದ್ಯವನ್ನು ಚಿಕ್ಕ ಕೈಗೆ ಕೊಡುವ ತಪ್ಪು ಅಲ್ಲಿಯೂ ನಡೆಯುತ್ತದೆ.

ತಂದೆ ಮಗಳಿಗೆ, ಅಥವಾ ತಾಯಿ ಮಗನಿಗೆ ಕಲಿಸುವಾಗ ಶ್ರುತಿಯ ಪ್ರಶ್ನೆ ಬರುತ್ತದೆ. ಗಂಡಸರು ಸಾಮಾನ್ಯವಾಗಿ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದು, ಬಿಳಿ ಎರಡರ ಸುತ್ತ ಹಾಡುತ್ತಾರೆ. ಹೆಣ್ಣುಮಕ್ಕಳ ಶ್ರುತಿ ಬಿಳಿ ಐದು, ಕಪ್ಪು ನಾಲ್ಕರ ಸುತ್ತ ಇರುತ್ತದೆ. ತನ್ನ ಅನುಕೂಲಕ್ಕೆಂದು ತಂದೆ ತನ್ನ ಶ್ರುತಿಯಲ್ಲೇ ಹಾಡಿಸಿದರೆ ಮಗಳ ಧ್ವನಿ ಕೆಳಗೆ ಎಳೆಯಲ್ಪಟ್ಟು ಕೆಳಗಿನ ಮಂದ್ರ ಸಪ್ತಕದಲ್ಲಿ ಬರೀ ಗಾಳಿಯಾಗುತ್ತದೆ. ತಂಬೂರಿ ಯಾವಾಗಲೂ ಮಗುವಿನ ಶ್ರುತಿಯಲ್ಲೇ ಇರಬೇಕು. ಅದರಲ್ಲಿ ನಿಮಗೆ ಮೇಲಿನ ತಾರ ಸಪ್ತಕ ಎಟುಕದಿದ್ದರೆ ಸರಗಮ್ ಹೇಳಿ, ಹಾರ್ಮೋನಿಯಂ ಮೇಲೆ ತೋರಿಸಿ, ಅದೇ ಘರಾಣೆಯ, ಅಂದರೆ ಅದೇ ಗಾಯನ ಪರಂಪರೆಯ, ಗಾಯಕಿಯರ ಧ್ವನಿಮುದ್ರಣ ಕೇಳಿಸಿ. ಗಂಗೂಬಾಯಿಯವರ ದನಿ ಗಂಟಲಿನ ಚಿಕಿತ್ಸೆಯ ಬಳಿಕ ಗಡಸಾದದ್ದನ್ನು ಉದಾಹರಿಸಿ, ಹೆಣ್ಣುಮಕ್ಕಳನ್ನು ಬೇಕೆಂದೇ ಕೆಳಗಿನ ಶ್ರುತಿಗೆ ಇಳಿಸುವವರನ್ನು ಕಂಡಿದ್ದೇನೆ. ಗಂಗೂಬಾಯಿಯವರ ದನಿ ಅವರಿಗೆ ಒದಗಿ ಬಂದದ್ದೇ ಹೊರತು ಇಳಿಸಿ ತಂದದ್ದಲ್ಲ.

ಗಂಡುಮಕ್ಕಳ ಧ್ವನಿ ಸುಮಾರು 12ರಿಂದ 15ನೆಯ ವಯಸ್ಸಿನ ನಡುವೆ ಒಡೆಯುತ್ತದೆ. ಗಂಟಲಿನ ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುವುದರಿಂದ ಹೀಗಾಗುತ್ತದೆಯೇ ಹೊರತು ಸಾಧನೆ ಕಡಿಮೆಯಾದದ್ದರಿಂದಲ್ಲ. ಸಂಗೀತಗಾರರ ಮನೆಯಲ್ಲಿ ಈ ಕಾಲ ಹುಡುಗನಿಗೆ ಬಹಳ ಕಷ್ಟದ್ದು. ಒಂಬತ್ತನೆಯ ವಯಸ್ಸಿನಲ್ಲಿ ವೇದಿಕೆಯ ಮೇಲೆ ಹಾಡಿ ಹಾರ ಹಾಕಿಸಿಕೊಂಡವನಿಗೆ ಹದಿಮೂರರಲ್ಲಿ ಷಡ್ಜವೇ ನಿಲ್ಲದಾದಾಗ, ಮನೆಯವರ ಮುಖದ ಆತಂಕವೇ ಅವನನ್ನು ಸಂಗೀತದಿಂದ ಓಡಿಸಬಲ್ಲುದು. ಆ ಅವಧಿಯಲ್ಲಿ ಕಾರ್ಯಕ್ರಮಗಳನ್ನು ಒಪ್ಪಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ, ಮೆಲುದನಿಯಲ್ಲಿ, ಮಧ್ಯ ಸಪ್ತಕದೊಳಗೆ ಹಾಡಿದರೆ ಸಾಕು. ಉಳಿದ ಹೊತ್ತಿನಲ್ಲಿ ತಬಲಾ ಕಲಿಯಲಿ, ರಾಗದ ರಚನೆಗಳಾದ ಬಂದಿಶ್‌ಗಳನ್ನು ಸ್ವರಲಿಪಿಯಲ್ಲಿ ಬರೆಯಲಿ, ಹಳೆಯ ಧ್ವನಿಮುದ್ರಣಗಳನ್ನು ಕೇಳಿ ರಾಗ ಗುರುತಿಸಲಿ. ಧ್ವನಿ ನೆಲೆಗೊಂಡ ಮೇಲೆ ಹೊಸ ಶ್ರುತಿಯನ್ನು ಅವನೇ ಹುಡುಕಲಿ. ನಿಮ್ಮ ಶ್ರುತಿಗಿಂತ ಅರ್ಧ ಸ್ವರ ಮೇಲೋ ಕೆಳಗೋ ಬಂದರೆ ಅದು ಹಾಗೆಯೇ ಇರಲಿ.

ಇನ್ನೊಬ್ಬ ಗುರುವಿನ ಮನೆ

ಮಗುವನ್ನು ಒಂದು ಹಂತದಲ್ಲಿ ಬೇರೆ ಗುರುವಿನ ಬಳಿಗೆ ಕಳಿಸಬೇಕು. ಇದನ್ನು ಹೇಳಿದಾಗ ಸಂಗೀತಗಾರರು ನೊಂದುಕೊಳ್ಳುತ್ತಾರೆ. ತಮ್ಮಲ್ಲಿ ಇಲ್ಲದ್ದು ಅಲ್ಲೇನಿದೆ ಎಂದು ಕೇಳುತ್ತಾರೆ. ಆದರೆ ದೊಡ್ಡವರು ಇದನ್ನೇ ಮಾಡಿದರು. ಅಲ್ಲಾದಿಯಾ ಖಾನ್ ಅವರ ಶಿಷ್ಯೆಯಾಗಿ ಜೈಪುರ ಘರಾಣೆಯ ಕಟ್ಟುನಿಟ್ಟಿನ ತಾಲೀಮನ್ನು ಪಡೆದಿದ್ದ ಮೊಗೂಬಾಯಿ ಕುರ್ಡೀಕರ್ ಅವರು ಮಗಳು ಕಿಶೋರಿ ಅಮೋಣಕರ್ ಅವರನ್ನು ತಾವೇ ತಯಾರು ಮಾಡಿದರು. ಆದರೂ ಆ ಮಗಳು ಭೇಂಡಿಬಜಾರ್ ಘರಾಣೆಯ ಅಂಜನೀಬಾಯಿ ಮಾಲ್ಪೇಕರ್ ಅವರಂಥ ಬೇರೆ ಗುರುಗಳಲ್ಲಿಯೂ ಕಲಿತರು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಮಗ ಮುಕುಲ್ ಶಿವಪುತ್ರ ತಂದೆಯ ಪಾಠದ ಜೊತೆಗೆ ಕೆ. ಜಿ. ಗಿಂಡೆಯವರಲ್ಲಿ ಹಳೆಯ ಗಾಯನ ಪ್ರಕಾರಗಳಾದ ಧ್ರುಪದ್ ಧಮಾರ್‌ಗಳನ್ನೂ, ಎಂ. ಡಿ. ರಾಮನಾಥನ್ ಅವರಲ್ಲಿ ಕರ್ನಾಟಕ ಸಂಗೀತವನ್ನೂ ಕಲಿತರು. ಮೈಸೂರಿನ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರಿಗೆ ಮೊದಲ ಪಾಠ ಆದದ್ದು ತಂದೆಯಿಂದ, ಆಮೇಲೆ ಅವರು ವೆಂಕಟಗಿರಿಯಪ್ಪನವರ ಶಿಷ್ಯರಾದರು.

ಬೇರೆ ಗುರುವಿನಲ್ಲಿ ದೊರೆಯುವುದು ಹೊಸ ರಾಗಗಳಷ್ಟೇ ಅಲ್ಲ. ಅಲ್ಲಿ ಮಗು ಯಾರ ಮಗುವೂ ಅಲ್ಲ. ಸಾಲಿನಲ್ಲಿ ಕೊನೆಗೆ ಕೂತು, ತನ್ನ ಸರದಿ ಕಾದು, ಬೈಸಿಕೊಂಡು, ಬೈದವರ ಮನೆಯಿಂದ ಹೊರಬಂದು ಅಳುವ ಭಾಗ್ಯವೂ ಕಲಿಕೆಯ ಭಾಗವೇ. ಮನೆಯಲ್ಲಿ ಬೈಸಿಕೊಂಡ ಮಗುವಿಗೆ ಓಡಿಹೋಗಲು ಬೇರೆ ಮನೆಯಿರುವುದಿಲ್ಲ.

ಯಾವಾಗ ಕಳಿಸಬೇಕು ಎಂಬುದಕ್ಕೆ ನನ್ನ ಅಂದಾಜು ಹದಿನೈದು ಹದಿನಾರನೆಯ ವಯಸ್ಸು. ಹತ್ತು ಹನ್ನೆರಡು ಮುಖ್ಯ ರಾಗಗಳಲ್ಲಿ ನಿಧಾನ ಲಯದ ಬಡಾ ಖ್ಯಾಲ್, ಚುರುಕು ಲಯದ ಛೋಟಾ ಖ್ಯಾಲ್‌ಗಳನ್ನು ಕ್ರಮವಾಗಿ ಹಾಡಬಲ್ಲವರಾಗಿರಬೇಕು. ಅದಕ್ಕಿಂತ ಮೊದಲು ಕಳಿಸಿದರೆ ನೆಲೆ ಗಟ್ಟಿಯಾಗದೆ ಎರಡು ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆ. ಗುರುವನ್ನು ಆರಿಸುವಾಗ ನಿಮ್ಮನ್ನು ಕಂಡರೆ ಅಂಜುವವರನ್ನೂ, ನಿಮ್ಮಿಂದ ಕಾರ್ಯಕ್ರಮ ಬಯಸುವವರನ್ನೂ ಬಿಟ್ಟುಬಿಡಿ. ಮೊದಲ ದಿನ ಮಗುವಿನೊಡನೆ ಹೋಗಿ, ತೆಂಗಿನಕಾಯಿ ವೀಳ್ಯದೆಲೆ ಇಟ್ಟು, ಎಲ್ಲರ ಮುಂದೆ ಆ ಗುರುವಿಗೆ ನೀವೇ ಮೊದಲು ನಮಸ್ಕರಿಸಿ. ಇನ್ನು ಮುಂದೆ ಅಲ್ಲಿ ನಿಮ್ಮ ಮಾತು ನಡೆಯುವುದಿಲ್ಲವೆಂದು ಮಗುವಿಗೆ ಅರ್ಥವಾಗಲು ಅಷ್ಟು ಸಾಕು. ಸ್ನೇಹದಿಂದ ಅವರು ಬೇಡವೆಂದರೂ ಗುರುದಕ್ಷಿಣೆಯನ್ನು ಎಲ್ಲರಂತೆ ಪೂರ್ತಿ ಕೊಡಿ. ಸಂಜೆ ಮನೆಗೆ ಬಂದ ಮಗುವನ್ನು ಕೂರಿಸಿ ಇಂದೇನು ಹೇಳಿಕೊಟ್ಟರು, ಹಾಡಿ ತೋರಿಸು ಎಂದು ಕೇಳುವುದು ಎಲ್ಲಕ್ಕಿಂತ ಕೆಟ್ಟದ್ದು. ಹಾಗೆ ಹಾಡಿದಾಗ ನಮ್ಮಲ್ಲಿ ಈ ರಾಗಕ್ಕೆ ರಿಷಭ ಹೀಗಲ್ಲ ಎಂಬ ಮಾತು ಬಾಯಿಂದ ಬಂದೇ ಬರುತ್ತದೆ, ಮತ್ತು ಮಗು ಅಂದಿನಿಂದ ಇಬ್ಬರು ಗುರುಗಳಿಗೂ ಸುಳ್ಳು ಹೇಳಲು ಕಲಿಯುತ್ತದೆ.

ಹಿಂದೆ ಕೂರುವುದು, ಮುಂದೆ ಬರುವುದು

ತಂಬೂರಿ ಹಿಡಿದು ಹಿಂದೆ ಕೂತು ದನಿಗೂಡಿಸುವುದಕ್ಕಿಂತ ದೊಡ್ಡ ಶಾಲೆ ನಮ್ಮ ಪದ್ಧತಿಯಲ್ಲಿ ಇಲ್ಲ. ಗಂಗೂಬಾಯಿಯವರ ಹಿಂದೆ ಮಗಳು ಕೃಷ್ಣಾ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಹಿಂದೆ ಮಗ ರಾಜಶೇಖರ ಮನ್ಸೂರ ಕೂತಿದ್ದನ್ನು ಕಂಡವರು ಇನ್ನೂ ಇದ್ದಾರೆ. ವಯಸ್ಸಾದ ಕಂಠ ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ಎಳೆಯ ಕಂಠ ಸ್ವರವನ್ನು ಕೈಬಿಡದೆ ಹಿಡಿದಿರುವುದು, ಮುಂದಿನ ಸಾಲು ಎತ್ತ ಹೋದೀತೆಂದು ಬೆನ್ನಿನಿಂದಲೇ ಊಹಿಸುವುದು ಮನೆಯ ಪಾಠದಲ್ಲಿ ಬಾರದ ವಿದ್ಯೆಗಳು.

ಆದರೆ ಇದರೊಳಗೊಂದು ಬೋನಿದೆ. ಹಿಂದೆ ಕೂತವರು ಖಾಲಿ ಜಾಗ ತುಂಬುವುದನ್ನು ಕಲಿಯುತ್ತಾರೆ, ಸ್ವಂತವಾಗಿ ಒಂದು ರಾಗವನ್ನು ಆರಂಭದಿಂದ ಕಟ್ಟುವುದನ್ನು ಕಲಿಯುವುದಿಲ್ಲ. ತಂದೆ ತಾಯಿಗಳಿಗೂ ಆ ಆಸರೆ ಅಭ್ಯಾಸವಾಗಿ, ಮಗು ನಲವತ್ತು ದಾಟಿದರೂ ಹಿಂದಿನ ತಂಬೂರಿಯಲ್ಲೇ ಉಳಿದಿರುವುದುಂಟು. ಕೃಷ್ಣಾ ಅವರ ಜೀವನದ ಬಹುಭಾಗ ತಾಯಿಯ ಜೊತೆಗಿನ ಗಾಯನದಲ್ಲೇ ಕಳೆಯಿತು, 2004ರಲ್ಲಿ ಅವರು ತಾಯಿಗಿಂತ ಮೊದಲೇ ತೀರಿಕೊಂಡರು. ಅವರು ಅದನ್ನು ಮನಸಾರೆ ಒಪ್ಪಿ ಮಾಡಿದ್ದಿರಬಹುದು. ನಮ್ಮ ಮಕ್ಕಳು ಒಪ್ಪಿದ್ದಾರೆಂದು ಕೇಳದೆಯೇ ಭಾವಿಸುವ ಹಕ್ಕು ಮಾತ್ರ ನಮಗಿಲ್ಲ.

ಆದ್ದರಿಂದ ಮೊದಲಿನಿಂದಲೇ ಲೆಕ್ಕವಿಟ್ಟು ನಡೆಯಿರಿ. ಮೊದಲ ಎರಡು ವರ್ಷ ತಂಬೂರಿ ಮಾತ್ರ, ಹಾಡುವುದಿಲ್ಲ. ಆಮೇಲೆ ಬಂದಿಶ್‌ನ ಮೊದಲ ಭಾಗವಾದ ಸ್ಥಾಯಿಯನ್ನು ಜೊತೆಗೆ ಹಿಡಿಯುವುದು. ಅನಂತರ ಪ್ರತಿ ಕಾರ್ಯಕ್ರಮದಲ್ಲೂ ಆಲಾಪದ ಒಂದು ಸ್ವರದ ಬಡ್ಹತ್ (ವಿಸ್ತಾರ) ಮತ್ತು ತಾಳದ ಕೆಲವು ಆವರ್ತನಗಳ ತಾನುಗಳನ್ನು (ವೇಗದ ಸ್ವರಗುಚ್ಛಗಳನ್ನು) ಪೂರ್ತಿಯಾಗಿ ಮಗುವಿಗೆ ಬಿಟ್ಟುಕೊಡಿ, ಆ ಹೊತ್ತಿನಲ್ಲಿ ನೀವು ಬಾಯಿ ತೆರೆಯಬೇಡಿ. ನಿಮ್ಮೊಡನೆ ಮೂರು ಕಾರ್ಯಕ್ರಮಗಳಾದರೆ ಒಂದಾದರೂ ಅದು ಒಬ್ಬಂಟಿಯಾಗಿ, ನೀವಿಲ್ಲದ ಸಭೆಯಲ್ಲಿ ಮಾಡಲಿ, ಊರ ದೇವಸ್ಥಾನದ ಅರ್ಧ ಗಂಟೆಯ ಸೇವೆಯಾದರೂ ಸರಿ. ವೇದಿಕೆಯ ಮೇಲೆ ಕಣ್ಣು ಕೆಂಪು ಮಾಡುವುದು, ತೊಡೆ ತಟ್ಟಿ ತಾಳ ತೋರಿಸುವುದು, ಮಗು ಹಾಡಿದ್ದನ್ನು ಕೂಡಲೇ ಸರಿಯಾಗಿ ಹಾಡಿ ತೋರಿಸುವುದು ಶ್ರೋತೃಗಳಿಗೆ ಕಾಣಿಸುತ್ತದೆ. ಮಗು ಅದನ್ನು ಎಂದೂ ಮರೆಯುವುದಿಲ್ಲ.

ಹೆಸರು ಮತ್ತು ಹಣ

ಸಂಘಟಕರು ನಿಮ್ಮನ್ನು ಕರೆದಾಗ ನಮ್ಮ ಮಗನಿಗೂ ಒಂದು ಅವಕಾಶ ಕೊಡಿ ಎನ್ನುವುದನ್ನು ಪೂರ್ಣವಾಗಿ ನಿಲ್ಲಿಸಿ. ಅವರು ನಿಮ್ಮ ಮುಖ ನೋಡಿ ಒಪ್ಪುತ್ತಾರೆ, ಮತ್ತೆ ಅವನನ್ನು ತಾವಾಗಿ ಕರೆಯುವುದಿಲ್ಲ. ನಿಮ್ಮ ಹೆಸರಿನ ಹಂಗಿಲ್ಲದ ದಾರಿಗಳು ಇವೆ, ಅವುಗಳನ್ನು ಮಗುವೇ ಹತ್ತಲಿ. ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿ.ಸಿ.ಆರ್.ಟಿ., 10ರಿಂದ 14 ವರ್ಷದ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನದಲ್ಲಿ ಪಾರಂಪರಿಕ ಕಲಾವಿದರ ಕುಟುಂಬದ ಮಕ್ಕಳಿಗೆಂದೇ ಒಂದು ಪಾಲಿದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ. ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ ಬಿ, ಬಿ-ಹೈ, ಎ, ಎ-ಟಾಪ್ ಎಂಬ ಶ್ರೇಣಿಗಳಿವೆ. ನೀವು ಎ-ಟಾಪ್ ಕಲಾವಿದರಾಗಿದ್ದರೂ ಮಗು ಬಿ ಇಂದಲೇ ಏರಲಿ. ಒಂದು ಸಲ ಅನುತ್ತೀರ್ಣವಾದರೆ ದೂರವಾಣಿ ಎತ್ತಬೇಡಿ.

ಹಣದ ವಿಷಯದಲ್ಲಿ ನಮ್ಮ ಮನೆಗಳು ಬಹಳ ಮುಗ್ಧವಾಗಿರುತ್ತವೆ, ಅಥವಾ ಹಾಗೆ ನಟಿಸುತ್ತವೆ. ತಂದೆ ಮಗ ಇಬ್ಬರೂ ಹಾಡಿದ ಕಾರ್ಯಕ್ರಮದ ಸಂಭಾವನೆ ಒಂದೇ ಲಕೋಟೆಯಲ್ಲಿ ತಂದೆಯ ಕೈ ಸೇರುತ್ತದೆ. ಮಗನಿಗೆ ಮದುವೆಯಾಗುವವರೆಗೂ ತಾನು ಎಷ್ಟು ದುಡಿದೆನೆಂಬುದು ತಿಳಿದಿರುವುದಿಲ್ಲ. ಹಿಂದೆ ಕೂತು ದನಿಗೂಡಿಸಿದ ಹೊರಗಿನ ಶಿಷ್ಯನಿಗೆ ಕೊಡುವಷ್ಟನ್ನಾದರೂ ಮಗುವಿಗೂ ಕೊಡಿ, ಅದರ ಹೆಸರಿನ ಖಾತೆಯಲ್ಲೇ ಹಾಕಿ. ಅಪ್ರಾಪ್ತ ಮಗುವಿನ ಇತರ ಆದಾಯವನ್ನು ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರಿಸಬೇಕಾದರೂ, ಮಗು ತನ್ನ ಸ್ವಂತ ಪ್ರತಿಭೆಯಿಂದ ಗಳಿಸಿದ್ದನ್ನು ಹಾಗೆ ಸೇರಿಸಬೇಕಾಗಿಲ್ಲ ಎಂಬುದು ಆದಾಯ ತೆರಿಗೆಯ ನಿಯಮ. ಆದ್ದರಿಂದ ಅದರ ಹೆಸರಿನಲ್ಲಿ ಪ್ಯಾನ್ ಕಾರ್ಡ್ ಮಾಡಿಸಿಟ್ಟರೆ ಲೆಕ್ಕ ಚೊಕ್ಕಟವಾಗಿರುತ್ತದೆ.

ಓದನ್ನು ಬಿಡಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಬೇಡ ಎಂದೇ. ರಾಜಶೇಖರ ಮನ್ಸೂರ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಭೀಮಸೇನ ಜೋಶಿಯವರ ಮಗ ಶ್ರೀನಿವಾಸ ಜೋಶಿ ದೆಹಲಿಯ ಐಐಟಿಯಲ್ಲಿ ಓದಿದವರು. ಆಕಾಶವಾಣಿಯ ಕೊಳಲುವಾದಕ ವೆಂಕಟೇಶ ಗೋಡ್ಖಿಂಡಿಯವರ ಮಗ ಪ್ರವೀಣ ಗೋಡ್ಖಿಂಡಿ ಎಂಜಿನಿಯರಿಂಗ್ ಪದವೀಧರರು. ಅನ್ನಕ್ಕೆ ಬೇರೆ ಆಸರೆ ಇರುವ ಗಾಯಕ ಸಭೆಗೆ ಬೇಕಾದದ್ದನ್ನಲ್ಲದೆ ರಾಗಕ್ಕೆ ಬೇಕಾದದ್ದನ್ನು ಹಾಡುವ ಧೈರ್ಯ ತೋರಬಲ್ಲ.

ಚೀಜುಗಳ ಗಂಟು

ಮಲ್ಲಿಕಾರ್ಜುನ ಮನ್ಸೂರರಿಗೆ ಜೈಪುರ ಘರಾಣೆಯ ಅಪರೂಪದ ರಾಗಗಳು ದೊರೆತದ್ದು ಅಲ್ಲಾದಿಯಾ ಖಾನ್ ಅವರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನ್ ಅವರಿಂದ. ತಂದೆ ಮಕ್ಕಳಿಗೆ ಕೊಟ್ಟಿರದಿದ್ದರೆ, ಮಕ್ಕಳು ಹೊರಗಿನವರೊಬ್ಬರಿಗೆ ಬಚ್ಚಿಡದೆ ಕೊಟ್ಟಿರದಿದ್ದರೆ, ಧಾರವಾಡಕ್ಕೆ ಆ ಸಂಗೀತ ಬರುತ್ತಿರಲಿಲ್ಲ. ನಿಮ್ಮ ಚೀಜುಗಳ, ಅಂದರೆ ಕಲಿತ ಬಂದಿಶ್‌ಗಳ, ಗಂಟನ್ನು ನಿಮಗೆ ನೆನಪು ಗಟ್ಟಿಯಿರುವಾಗಲೇ ಬಿಚ್ಚಿ. ವಾರಕ್ಕೊಂದು ಬಂದಿಶ್ ಅನ್ನು ಸಾಹಿತ್ಯ, ಸ್ವರಲಿಪಿ, ತಾಳ, ಯಾರಿಂದ ಕಲಿತದ್ದು ಎಂಬ ವಿವರಗಳೊಡನೆ ಬರೆಸಿ, ನೀವೇ ಹಾಡಿ ಮುದ್ರಿಸಿ. ಮನೆಯಲ್ಲಿರುವ ಕ್ಯಾಸೆಟ್ಟುಗಳು ಬೂಷ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಏರಿಸಿ, ಎರಡು ಕಡೆ ಪ್ರತಿ ಇಡಿ. ಊರು, ವರ್ಷ, ತಬಲಾ ಸಾಥ್ ಯಾರದ್ದು ಎಂಬುದನ್ನು ಹೇಳಬಲ್ಲವರು ನೀವೊಬ್ಬರೇ ಇರಬಹುದು. ಒಬ್ಬರಿಗಿಂತ ಹೆಚ್ಚು ಮಕ್ಕಳಿದ್ದರೆ ಯಾವ ತಂಬೂರಿ ಯಾರಿಗೆಂದು ಈಗಲೇ ಹೇಳಿಬಿಡಿ. ಹೊಲ ಗದ್ದೆಗಿಂತ ತಂಬೂರಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾನು ನೋಡಿದ್ದೇನೆ.

ಕೊಟ್ಟದ್ದನ್ನು ಅವರು ಏನು ಮಾಡುತ್ತಾರೆಂಬುದು ಅವರಿಗೆ ಬಿಟ್ಟದ್ದು. ಬಂಟ್ವಾಳದ ಕಡೆಯ ನಾಗಸ್ವರ ವಾದಕ ತನಿಯಪ್ಪನವರ ಮಗ ಕದ್ರಿ ಗೋಪಾಲನಾಥ್, ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಕರ್ನಾಟಕ ಸಂಗೀತವನ್ನು ಆ ವಾದ್ಯಕ್ಕೆ ಒಗ್ಗಿಸಿದರು. ಅವರ ಮಗ ಮಣಿಕಾಂತ್ ಕದ್ರಿ ಚಲನಚಿತ್ರಗಳಿಗೆ ಸಂಗೀತ ನೀಡುತ್ತಾರೆ. ಮೂರು ತಲೆಮಾರು, ಮೂರು ಬಗೆಯ ನಾದ.

ಮಗುವಿನ ಕಾರ್ಯಕ್ರಮಕ್ಕೆ ಶ್ರೋತೃವಾಗಿ ಹೋಗುವುದನ್ನೂ ಕಲಿಯಬೇಕಾಗುತ್ತದೆ. ಮೊದಲ ಸಾಲಿನಲ್ಲಿ ಕೂರಬೇಡಿ. ಅಲ್ಲಿ ಕೂತರೆ ಮಗು ನಿಮಗಾಗಿ ಹಾಡುತ್ತದೆ, ಜನ ನಿಮ್ಮ ಮುಖ ನೋಡಿ ಅಭಿಪ್ರಾಯ ಕಟ್ಟುತ್ತಾರೆ. ಹಿಂದಿನ ಕಂಬದ ಬದಿ ಒಳ್ಳೆಯದು. ಕೈಗಳನ್ನು ಕಟ್ಟಿಕೊಂಡರೆ ತಾಳ ಹಾಕಲಾಗುವುದಿಲ್ಲ. ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಗೆ ಎಲ್ಲರಿಗಿಂತ ಕೊನೆಯಲ್ಲಿ ಹೋಗಿ. ಬಂದಿಶ್‌ನ ಎರಡನೆಯ ಭಾಗವಾದ ಅಂತರೆಯಲ್ಲಿ ಅವಳು ನಿಷಾದವನ್ನು ಹಿಡಿದ ಬಗೆ ನಿಮಗೆ ಸರಿ ಕಂಡಿರದಿದ್ದರೆ ಅದು ಮರುದಿನದ ಜಮಖಾನೆಗೆ, ಅದೂ ಅವಳಾಗಿ ಕೇಳಿದರೆ. ಅಂದಿನ ರಾತ್ರಿ ಊಟ ಆಯಿತೇ ಎಂದು ಕೇಳಿ, ತಂಬೂರಿಗೆ ಗವಸು ಹಾಕಿ ವಾಹನದವರೆಗೆ ಹೊತ್ತುಕೊಂಡು ಬನ್ನಿ.